ಮೊಳೆಯಿಲ್ಲದ ಮರದ ಜೋಡಣೆ

ಮಂಗಳೂರಿನಲ್ಲಿ ಮಳೆಗಾಲದಲ್ಲಿ ಮಾಡಿಸಿದ ತೇಗದ ಮೇಜೊಂದು, ಮನೆಯವರ ಕೆಲಸದ ವರ್ಗಾವಣೆಯಿಂದಾಗಿ ಹೈದರಾಬಾದಿನ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶಕ್ಕೆ ಬಂದಿತೆಂದು ಭಾವಿಸಬಹುದು. ಮೇ ತಿಂಗಳ ಒಂದು ಮಧ್ಯಾಹ್ನ ಅದರ ಮೇಲ್ಹಲಗೆ ಮೊಳೆಗಳ ಸಾಲಿನಿಂದಲೇ ಸೀಳು ಬಿಡುತ್ತದೆ. ಮನೆಯವರು ಮರ ಕಳಪೆಯೆಂದು ಬಡಗಿಯನ್ನು ದೂರುತ್ತಾರೆ. ಆದರೆ ಮರ ಒಳ್ಳೆಯದೇ. ಕರಾವಳಿಯ ತೇವದಿಂದ ದಖನ್ನಿನ ಒಣಹವೆಗೆ ಬಂದಾಗ ಅದು ಕುಗ್ಗಲೇಬೇಕಾಗಿತ್ತು, ಮೊಳೆಗಳು ಕುಗ್ಗಗೊಡಲಿಲ್ಲ.

ಕಡಿದು ಎಷ್ಟೇ ವರ್ಷಗಳಾಗಿದ್ದರೂ ಮರವು ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಅದರ ಉದ್ದ ಬಹುಮಟ್ಟಿಗೆ ಬದಲಾಗುವುದಿಲ್ಲ, ಅಗಲ ಬದಲಾಗುತ್ತದೆ. ತೇಗದ ಸಾಧಾರಣ ಸೀಳಿನ ಹಲಗೆಯಲ್ಲಿ ತೇವಾಂಶ ಶೇಕಡಾ 16ರಿಂದ 10ಕ್ಕೆ ಇಳಿದರೆ, 90 ಸೆಂಟಿಮೀಟರ್ ಅಗಲದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗುತ್ತದೆ. ಉಳಿದ ಅನೇಕ ಜಾತಿಯ ಮರಗಳು ಇದಕ್ಕಿಂತಲೂ ಹೆಚ್ಚು ಕುಗ್ಗುತ್ತವೆ. ಈ ಕಾರಣದಿಂದಲೇ ಭಾರತೀಯ ಮಾನಕ ಬ್ಯೂರೋದ ಐ.ಎಸ್. 287 ಎಂಬ ಮಾನಕವು ದೇಶವನ್ನು ಹವೆಯ ಆರ್ದ್ರತೆಗೆ ಅನುಸಾರವಾಗಿ ನಾಲ್ಕು ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಮರದ ತೇವಾಂಶ ಎಷ್ಟಿರಬಹುದೆಂದು ಸೂಚಿಸಿದೆ. ವಸ್ತು ಎಲ್ಲಿ ತಯಾರಾಗುತ್ತದೆ ಎಂಬುದಕ್ಕಿಂತ ಎಲ್ಲಿ ಬಳಕೆಯಾಗುತ್ತದೆ ಎಂಬುದೇ ಇಲ್ಲಿ ಮುಖ್ಯ.

ಮೊಳೆಯಿಲ್ಲದ ಜೋಡಣೆಯ ಬಲವನ್ನು ತಿಳಿಯಲು ಎತ್ತಿನ ಗಾಡಿಯ ಚಕ್ರಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ನಡುವಿನ ಗುಂಬದ ಕುಳಿಗಳಲ್ಲಿ ಅರಗಳು ಬಿಗಿಯಾಗಿ ಕೂತಿರುತ್ತವೆ. ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿ ತಣಿಯುತ್ತ ಕುಗ್ಗಿ ಎಲ್ಲ ಸಂದುಗಳನ್ನೂ ಒಳಕ್ಕೆ ಒತ್ತುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಚಕ್ರ ಸಡಿಲವಾದರೆ ರೈತರು ಗಾಡಿಯನ್ನು ಕೆರೆಯ ನೀರಿನಲ್ಲಿ ನಿಲ್ಲಿಸುತ್ತಿದ್ದರು. ಮರದ ಸ್ವಭಾವವನ್ನು ಅವರು ಯಾವ ಮಾನಕವೂ ಇಲ್ಲದೆ ಅರಿತಿದ್ದರು.

ಪೀಠೋಪಕರಣಗಳಲ್ಲಿ ಇದೇ ತತ್ತ್ವದ ಮುಖ್ಯ ಜೋಡಣೆ ನಾಲಿಗೆ ಮತ್ತು ಕುಳಿಯದು. ಬಡಗಿಗಳು ಇದನ್ನು ಟೆನನ್, ಮಾರ್ಟೈಸ್ ಎಂದೂ ಕರೆಯುತ್ತಾರೆ. ಅಡ್ಡಪಟ್ಟಿಯ ತುದಿಯಲ್ಲಿ ನಾಲಿಗೆಯನ್ನು ಬಿಡಿಸಿ, ಕಾಲಿನಲ್ಲಿ ಕೊರೆದ ಕುಳಿಗೆ ಸೇರಿಸಲಾಗುತ್ತದೆ. ನಾಲಿಗೆಯ ದಪ್ಪ ಮರದ ದಪ್ಪದ ಮೂರನೆಯ ಒಂದು ಭಾಗದಷ್ಟಿರುವುದು ರೂಢಿ. ಅದಕ್ಕಿಂತ ದಪ್ಪವಾದರೆ ಕುಳಿಯ ಗೋಡೆಗಳು ತೆಳುವಾಗಿ ಒಡೆಯುತ್ತವೆ. ತೆಳುವಾದರೆ ನಾಲಿಗೆಯೇ ಮುರಿಯುತ್ತದೆ. ನಾಲಿಗೆಯ ಎರಡೂ ಬದಿಯ ಹೆಗಲುಗಳು ಕಾಲಿಗೆ ಪೂರ್ತಿ ತಾಗಬೇಕು, ಏಕೆಂದರೆ ಕುರ್ಚಿ ಓಲಾಡದಂತೆ ತಡೆಯುವಲ್ಲಿ ಅವುಗಳ ಪಾಲು ದೊಡ್ಡದು. ಕುಳಿ ಕಾಲಿನ ತುದಿಗೆ ಹತ್ತಿರವಿದ್ದರೆ ಮರವನ್ನು ಸ್ವಲ್ಪ ಉದ್ದವಾಗಿಯೇ ಬಿಟ್ಟು, ಜೋಡಣೆ ಮುಗಿದ ಮೇಲೆ ಕತ್ತರಿಸಬೇಕು. ಆತುರಪಟ್ಟರೆ ಕೊಡತಿಯ ಮೊದಲ ಪೆಟ್ಟಿಗೇ ತುದಿ ಸೀಳುವುದುಂಟು.

ಇದನ್ನು ಭದ್ರಪಡಿಸಲು ಗಟ್ಟಿಮರದ ಅಥವಾ ಬಿದಿರಿನ ಗೂಟ ಸಾಕು. ಅದರಲ್ಲೊಂದು ಜಾಣ್ಮೆಯಿದೆ. ನಾಲಿಗೆಯಲ್ಲಿನ ರಂಧ್ರವನ್ನು ಕಾಲಿನ ರಂಧ್ರಕ್ಕೆ ನೇರವಾಗಿ ಕೊರೆಯದೆ, ಒಂದೂವರೆ ಮಿಲಿಮೀಟರಿನಷ್ಟು ಹೆಗಲಿನ ಕಡೆಗೆ ಸರಿಸಿ ಕೊರೆಯಲಾಗುತ್ತದೆ. ಚೂಪು ಮಾಡಿದ ಗೂಟವನ್ನು ಹೊಡೆದಾಗ ಅದು ನಾಲಿಗೆಯನ್ನು ತಾನೇ ಒಳಕ್ಕೆ ಎಳೆದು ಹಿಡಿಯುತ್ತದೆ. ಅಂಟು ಹಾಕದಿದ್ದರೆ, ಮುಂದೆ ಕಾಲೊಂದು ಹಾಳಾದಾಗ ಗೂಟವನ್ನು ಹೊರದೂಡಿ ಅದೊಂದನ್ನೇ ಬದಲಾಯಿಸಬಹುದು. ಕಬ್ಬಿಣದ ಮೊಳೆಯಾದರೋ ತೇವ ತಗುಲಿ ತುಕ್ಕು ಹಿಡಿಯುತ್ತದೆ. ಹೊನ್ನೆ, ಜಾಲಿಯಂತಹ ಒಗರುಳ್ಳ ಮರಗಳಲ್ಲಿ ಸುತ್ತಲೂ ಕಪ್ಪು ಕಲೆ ಮೂಡಿಸುತ್ತದೆ.

ಮೇಜಿನ ಸೆಳೆಪೆಟ್ಟಿಗೆಯನ್ನು ದಿನಕ್ಕೆ ಹತ್ತಾರು ಸಲ ಎಳೆಯುವುದರಿಂದ ಅದಕ್ಕೆ ಪಾರಿವಾಳದ ಬಾಲದಂತೆ ಹರಡಿದ ಹಲ್ಲುಗಳ ಡವ್‌ಟೇಲ್ ಜೋಡಣೆ ಬೇಕು. ಹಲ್ಲಿನ ಓರೆ 6ಕ್ಕೆ 1 ಅಥವಾ 8ಕ್ಕೆ 1 ಇದ್ದರೆ ಸಾಕು. ಓರೆ ಹೆಚ್ಚಾದರೆ ಮೂಲೆಗಳು ಉದುರುತ್ತವೆ.

ಇನ್ನು ಮೇಲ್ಹಲಗೆ. ಇದನ್ನು ಚೌಕಟ್ಟಿಗೆ ಅಂಟಿಸಲೂಬಾರದು, ಮೊಳೆ ಹೊಡೆಯಲೂಬಾರದು. ಚೌಕಟ್ಟಿನ ಒಳಬದಿಯಲ್ಲಿ ಉದ್ದಕ್ಕೂ ತೋಡು ಕೊರೆದು, ತುದಿಯಲ್ಲಿ ಮೆಟ್ಟಿಲು ಬಿಟ್ಟ ಚಿಕ್ಕ ಮರದ ತುಂಡುಗಳನ್ನು ಆ ತೋಡಿಗೆ ಸಿಕ್ಕಿಸಬೇಕು. ಅವನ್ನು ಹಲಗೆಯ ಅಡಿಭಾಗಕ್ಕೆ ಮಾತ್ರ ತಿರುಪಿನಿಂದ ಬಿಗಿಯುವುದುಂಟು. ತುಂಡುಗಳು ತೋಡಿನಲ್ಲಿ ಸರಿದಾಡಲು ಅಲ್ಪ ಜಾಗವಿದ್ದರೆ ಹಲಗೆ ಜೀಡಿಮೆಟ್ಲಾದ ಬೇಸಿಗೆಯಲ್ಲಿ ಒಂದು ಸೆಂಟಿಮೀಟರ್ ಕುಗ್ಗಿ, ಮಳೆ ಬಂದಾಗ ಮತ್ತೆ ಹಿಗ್ಗುತ್ತದೆ.