ಸಾಹೇಬರು ಮೀಟಿಂಗಿನಲ್ಲಿದ್ದಾರೆ

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಿಂದ ತುಸು ಒಳಕ್ಕೆ ತಿರುಗಿದರೆ ದೊಡ್ಡಗದ್ದವಳ್ಳಿ ಸಿಕ್ಕುತ್ತದೆ. ವಿಷ್ಣುವರ್ಧನನ ಕಾಲದಲ್ಲಿ, ಕ್ರಿ. ಶ. 1114ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ಅಲ್ಲಿ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿಗೆ ನಾಲ್ಕು ಗರ್ಭಗೃಹಗಳು. ನೀವು ನಾಲ್ವರು ಗೆಳೆಯರು ಗುಡಿಯನ್ನು ನೋಡಿ ಮುಗಿಸಿ ಪ್ರಾಕಾರದ ನೆರಳಿನಲ್ಲಿ ಕುಳಿತಿದ್ದೀರೆಂದು ಭಾವಿಸೋಣ. ಬೇಲೂರಿಗೆ ಮುಂದುವರಿಯುವುದೋ, ಹಾಸನಕ್ಕೆ ಹಿಂದಿರುಗುವುದೋ? ಎರಡು ನಿಮಿಷಗಳಲ್ಲಿ ತೀರ್ಮಾನವಾದೀತು. ಹದಿನಾರು ಮಂದಿ ಇದ್ದರೆ ಎಂಟು ನಿಮಿಷ ಸಾಕೇ? ಸಾಲದೆಂಬುದು ಪ್ರವಾಸ ಹೋದವರೆಲ್ಲರ ಅನುಭವ.

ಕಾರಣವನ್ನು ಗಣಿತದಲ್ಲಿ ಹುಡುಕಬಹುದು. ಮಾತು ನಡೆಯುವುದು ಇಬ್ಬಿಬ್ಬರ ನಡುವೆ. ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಮೆಯಾದ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಇಂಥ ಜೋಡಿಗಳೆಷ್ಟೆಂದು ತಿಳಿಯುತ್ತದೆ. ನಾಲ್ವರಲ್ಲಿ 6 ಜೋಡಿ. ಎಂಟು ಜನರಲ್ಲಿ 28. ಹದಿನಾರು ಜನರಲ್ಲಿ 120. ಜನ ನಾಲ್ಮಡಿಯಾದರೆ ಒಪ್ಪಿಸಬೇಕಾದ ಜೋಡಿಗಳು ಇಪ್ಪತ್ತು ಮಡಿಯಾದುವು!

ಈ ಲೆಕ್ಕವನ್ನು ಕಚೇರಿಗೆ ಕೊಂಡೊಯ್ಯೋಣ. ಪಿಂಚಣಿಯ ಅರ್ಜಿ ಹಿಡಿದು ಬೆಳಗಿನ ಬಸ್ಸಿಗೆ ಬಂದ ಮುದುಕಿಗೆ ಜವಾನ ಹೇಳುತ್ತಾನೆ: "ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಕೂತುಕೊಳ್ಳಮ್ಮ." ಆಕೆ ಹೊರಗೆ ಬೆಂಚಿನ ಮೇಲೆ ಕಾಯುತ್ತಾಳೆ; ಒಳಗೆ ಅಧಿಕಾರಿಯೂ ತನ್ನ ಸರದಿಗಾಗಿ ಕಾಯುತ್ತಾನೆ. ಹತ್ತು ಮಂದಿ ಒಂದೂವರೆ ಗಂಟೆ ಕುಳಿತರೆ ವ್ಯಯವಾದದ್ದು ಒಂದೂವರೆ ಗಂಟೆಯಲ್ಲ, ಹದಿನೈದು ಗಂಟೆ. ದಿನಕ್ಕೆ ಏಳೂವರೆ ಗಂಟೆ ದುಡಿಯುವ ಒಬ್ಬ ನೌಕರನ ಎರಡು ದಿನಗಳು ಒಂದೇ ಬೆಳಗಿನಲ್ಲಿ ಕಳೆದುಹೋದುವು.

ಹೆಚ್ಚು ಜನ ಸೇರಿದರೆ ಹೆಚ್ಚು ಕೆಲಸವಾಗದೆ? ಫ್ರಾನ್ಸಿನ ಕೃಷಿ ಇಂಜಿನಿಯರ್ ರಿಂಗೆಲ್ಮನ್ ಹಗ್ಗ ಎಳೆಯುವವರ ಬಲವನ್ನು ಅಳೆದು 1913ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಎಂಟು ಜನ ಕೂಡಿ ಎಳೆದಾಗ ಒಬ್ಬೊಬ್ಬನ ಪಾಲಿಗೆ ಬಂದ ಬಲ, ಅವನು ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧದಷ್ಟೇ. ತೇರೆಳೆಯುವಾಗ ಹಗ್ಗಕ್ಕೆ ಕೈ ತಾಗಿಸಿ ಬಾಯಲ್ಲಿ ಮಾತ್ರ ಬಲ ತೋರುವವರನ್ನು ಕಂಡ ನಮಗೆ ಇದು ಆಶ್ಚರ್ಯವಲ್ಲ. ಹಗ್ಗವೂ ಚರ್ಚೆಯೂ ಒಂದೇ ಅಲ್ಲ, ನಿಜ. ಆದರೂ ಹೋಲಿಕೆ ಪೂರ್ತಿ ಸುಳ್ಳಲ್ಲ.

ಇಂಗ್ಲೆಂಡಿನ ಇತಿಹಾಸಕಾರ ಪಾರ್ಕಿನ್‌ಸನ್ 1957ರ ತನ್ನ ಗ್ರಂಥದಲ್ಲಿ ಒಂದು ಕಾಲ್ಪನಿಕ ಸಮಿತಿಯನ್ನು ಚಿತ್ರಿಸಿದ್ದಾನೆ. ಕೋಟಿ ಪೌಂಡಿನ ಪರಮಾಣು ಸ್ಥಾವರಕ್ಕೆ ಅದು ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ನೀಡುತ್ತದೆ. ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಮುಕ್ಕಾಲು ಗಂಟೆ ಚರ್ಚಿಸುತ್ತದೆ. ಸ್ಥಾವರ ಯಾರಿಗೂ ಅರ್ಥವಾಗದು. ಚಪ್ಪರ ಎಲ್ಲರಿಗೂ ಅರ್ಥವಾಗುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದಂತೆ, ಮುಗಿಯದ ಕೆಲಸವನ್ನು ಬಿಟ್ಟು ಮತ್ತೊಂದಕ್ಕೆ ಎದ್ದಾಗ ಗಮನದ ಒಂದು ಭಾಗ ಹಿಂದೆಯೇ ಉಳಿಯುತ್ತದೆ. ಹನ್ನೊಂದಕ್ಕೊಂದು, ಹನ್ನೆರಡೂವರೆಗೊಂದು, ಮೂರಕ್ಕೊಂದು ಸಭೆಯಿದ್ದರೆ ನಡುವಣ ಬಿಡುವು ಲೆಕ್ಕಕ್ಕುಂಟು, ಕೆಲಸಕ್ಕಿಲ್ಲ. ಲೆರಾಯ್ ಮತ್ತು ಥೆರೇಸಾ ಗ್ಲಾಂಬ್ 2018ರಲ್ಲಿ ಪ್ರಕಟಿಸಿದ ಪರಿಹಾರ ಬಹು ಸರಳ: ಏಳುವ ಮೊದಲು ಕಡತ ಎಲ್ಲಿಗೆ ನಿಂತಿತು, ಹಿಂದಿರುಗಿದೊಡನೆ ಮಾಡಬೇಕಾದುದೇನು ಎಂಬುದನ್ನು ಒಂದು ನಿಮಿಷದಲ್ಲಿ ಬರೆದಿಡುವುದು. ಪರೀಕ್ಷೆಗೆ ಓದುತ್ತಿರುವಾಗ ಊಟಕ್ಕೆ ಕರೆ ಬಂದರೆ ನೀವೂ ಇದನ್ನು ಪ್ರಯೋಗಿಸಿ ನೋಡಿರಿ.

ಯಂತ್ರಗಳು ನಮ್ಮನ್ನು ಪಾರುಮಾಡಿದುವೆ? 2020ರ ಕೋವಿಡ್ ಕಾಲದಲ್ಲಿ ಹದಿನಾರು ಮಹಾನಗರಗಳ ಮೂವತ್ತೊಂದು ಲಕ್ಷ ಬಳಕೆದಾರರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಸಭೆಗಳ ಅವಧಿ ಸರಾಸರಿ ಶೇಕಡಾ 20ರಷ್ಟು ಇಳಿದದ್ದು ಕಂಡುಬಂದಿತು. ಆದರೆ ತಲಾ ಸಭೆಗಳ ಸಂಖ್ಯೆ ಶೇಕಡಾ 13ರಷ್ಟು ಏರಿತು. ಕರೆಸಿಕೊಂಡವರ ಸಂಖ್ಯೆಯೂ ಏರಿತು. ಒಟ್ಟು ಕಾಲ ತುಸು ಉಳಿಯಿತೇನೋ ಸರಿ, ದಿನ ಮಾತ್ರ ಇನ್ನೂ ಚೂರುಚೂರಾಯಿತು.

ಹಾಗೆಂದು ಸಭೆಯನ್ನೇ ಹಳಿಯಬಾರದು. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕೆಂದು ವಿಧಿಸುತ್ತದೆ. ಊರಿನ ಹಣದ ಲೆಕ್ಕವನ್ನು ಊರವರ ಮುಂದೆ ಇಡುವಾಗ ಜನ ಸೇರುವುದೇ ಕೆಲಸ. ಅದನ್ನು ಕಾಗದದಲ್ಲಿ ಮುಗಿಸಲಾಗದು. ಕಾಗದದಲ್ಲಿ ಮುಗಿಯುವಂಥದನ್ನು, ಅಂದರೆ ಕೇವಲ ಅಂಕಿ ಅಂಶಗಳ ಒಪ್ಪಿಸುವಿಕೆಯನ್ನು, ಸಭೆಗೆ ತರುವುದೇ ತೊಡಕಿನ ಮೂಲ.

ಮೇಲಧಿಕಾರಿ ಕರೆದ ಸಭೆಗೆ ಬಾರೆನೆನ್ನಲು ಕಿರಿಯ ನೌಕರನಿಗೆ ಸಾಧ್ಯವಿಲ್ಲ. ಆದರೆ ಯಾವ ತೀರ್ಮಾನಕ್ಕಾಗಿ ಕರೆದಿದ್ದಾರೆಂದು ವಿನಯದಿಂದ ಕೇಳಬಹುದು. ತನ್ನ ವಿಷಯವನ್ನು ಮೊದಲೇ ಬರೆದು ಕಳುಹಿಸಿ, ಅದು ಮುಗಿದೊಡನೆ ಏಳಲು ಅಪ್ಪಣೆ ಬೇಡಬಹುದು. ತಾನೇ ಕರೆಯುವ ಸಭೆಗಳನ್ನಾದರೂ ಒಂದಕ್ಕೊಂದು ಹೊಂದಿಸಿ ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಬೆಳಗು ಇಡಿಯಾಗಿ ಕೈಗೆ ಸಿಕ್ಕುತ್ತದೆ. ಜನರನ್ನು ಕಾಣುವ ವೇಳೆಯನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಆ ವೇಳೆಗೆ ಕುರ್ಚಿಯಲ್ಲಿದ್ದರೆ, ಆ ಮುದುಕಿ ಹಸುವಿಗೆ ಹುಲ್ಲು ಹಾಕಿ ಎರಡನೆಯ ಬಸ್ಸಿಗೆ ಬರಬಹುದು.