ಕಾಲ್ಚೆಂಡಿನ ನೆಲ

2011ರ ಜನಗಣತಿಯಂತೆ ಉಡುಪಿ ಜಿಲ್ಲೆಯ ಜನಸಂಖ್ಯೆ ಸುಮಾರು 11 ಲಕ್ಷ 77 ಸಾವಿರ. ಯುರೋಪಿನ ವಾಯವ್ಯ ಅಂಚಿನಲ್ಲಿ, ಅಟ್ಲಾಂಟಿಕ್ ಮಹಾಸಾಗರದ ನಡುವೆ ಐಸ್‌ಲ್ಯಾಂಡ್ ಎಂಬ ದ್ವೀಪರಾಷ್ಟ್ರವೊಂದಿದೆ. 2016ರಲ್ಲಿ ಅಲ್ಲಿನ ಜನಸಂಖ್ಯೆ ಉಡುಪಿ ಜಿಲ್ಲೆಯದರ ಮೂರನೆಯ ಒಂದು ಪಾಲೂ ಇರಲಿಲ್ಲ; ಕೇವಲ 3 ಲಕ್ಷ 30 ಸಾವಿರದಷ್ಟು. ಆ ವರ್ಷದ ಜೂನ್ 27ರಂದು ಫ್ರಾನ್ಸಿನ ನೀಸ್ ನಗರದಲ್ಲಿ ನಡೆದ ಯುರೋಪಿನ ಕಾಲ್ಚೆಂಡಾಟದ ಪಂದ್ಯದಲ್ಲಿ ಈ ಪುಟ್ಟ ದೇಶವು ಇಂಗ್ಲೆಂಡ್ ತಂಡವನ್ನು 2-1 ಗೋಲುಗಳಿಂದ ಸೋಲಿಸಿತು. ಈ ಆಟಕ್ಕೆ 1863ರಲ್ಲಿ ನಿಯಮಗಳನ್ನು ಬರೆದುಕೊಟ್ಟ ದೇಶವೇ ಇಂಗ್ಲೆಂಡ್ ಎಂಬುದನ್ನು ನೆನೆದರೆ ಆ ಗೆಲುವಿನ ತೂಕ ತಿಳಿಯುತ್ತದೆ. ಎರಡು ವರ್ಷಗಳ ಬಳಿಕ ಐಸ್‌ಲ್ಯಾಂಡ್ ವಿಶ್ವಕಪ್ಪಿನ ಅಂಗಣಕ್ಕೂ ಇಳಿಯಿತು. ಅಲ್ಲಿಯವರೆಗೆ ಅಷ್ಟು ಕಡಿಮೆ ಜನರಿರುವ ಯಾವ ದೇಶವೂ ಆ ಅಂಗಣವನ್ನು ಕಂಡಿರಲಿಲ್ಲ. ಅದರ ಮೊದಲ ಪಂದ್ಯ ಅರ್ಜೆಂಟೀನಾದೊಡನೆ 1-1ರಲ್ಲಿ ಸಮವಾಯಿತು. ಮೆಸ್ಸಿಯಂತಹ ಆಟಗಾರನ ಪೆನಾಲ್ಟಿ ಒದೆತವನ್ನು ತಡೆದ ಗೋಲುರಕ್ಷಕನು ವೃತ್ತಿಯಿಂದ ಚಲನಚಿತ್ರ ನಿರ್ದೇಶಕನಾಗಿದ್ದವನು.

ನೂರಾರು ಕೋಟಿ ಜನರಿರುವ ದೇಶಕ್ಕೆ ಒದಗದ ಬಲ ಇಷ್ಟು ಚಿಕ್ಕ ದೇಶಕ್ಕೆ ಒದಗಿದ್ದು ಹೇಗೆ? ಅದು ಶೀತದೇಶದವರ ಮೈಕಟ್ಟಿನ ಫಲವೆನ್ನುವವರುಂಟು. ಮೈಕಟ್ಟು ಹಿಂದೆಯೂ ಹಾಗೆಯೇ ಇತ್ತು. ಗೆಲುವು ಮಾತ್ರ ಇರಲಿಲ್ಲ. ಅಲ್ಲಿ ಚಳಿಗಾಲವೆಂದರೆ ಹಿಮ, ಬಿರುಗಾಳಿ ಮತ್ತು ಬೇಗನೆ ಕವಿಯುವ ಕತ್ತಲು. ವರ್ಷದ ಬಹುಭಾಗ ಬಯಲಿನಲ್ಲಿ ಚೆಂಡು ಆಡುವಂತಿರಲಿಲ್ಲ. ಸುಮಾರು 2000ದಿಂದೀಚೆಗೆ ಊರೂರಿನಲ್ಲಿ ಸೂರು ಹೊದಿಸಿದ ಪೂರ್ಣ ಅಳತೆಯ ಆಟದಂಗಣಗಳು ಎದ್ದವು. ಶಾಲೆಗಳ ಮಗ್ಗುಲಲ್ಲಿ ಕೃತಕ ಹುಲ್ಲಿನ ಚಿಕ್ಕ ಅಂಗಣಗಳನ್ನು ಹಾಸಿದರು. ಅವು ನೂರಕ್ಕೂ ಹೆಚ್ಚು. ನೂರಾರು ಮಂದಿ ತರಬೇತುದಾರರು ಕ್ರಮವಾದ ಶಿಕ್ಷಣ ಪಡೆದು, ಪರೀಕ್ಷೆ ಮುಗಿಸಿ, ವೇತನಕ್ಕೆ ನಿಂತರು. ಆರು ವರ್ಷದ ಮಗುವಿಗೂ ಚೆಂಡನ್ನು ಮುಟ್ಟುವ ಬಗೆಯನ್ನು ಕಲಿತವರೇ ಕಲಿಸತೊಡಗಿದರು. ನಮ್ಮಲ್ಲಿ ಉತ್ತಮ ಶಿಕ್ಷಕನನ್ನು ಮೇಲಿನ ತರಗತಿಗೆ ಮೀಸಲಿಡುವ ವಾಡಿಕೆಯುಂಟು. ಅವರು ಅವನನ್ನು ಎಲ್ಲಕ್ಕಿಂತ ಕೆಳಗಿನ ತರಗತಿಗೂ ಕಳುಹಿಸಿದರು.

ಆ ತಂಡದ ತರಬೇತುದಾರ ಹೇಮಿರ್ ಹಾಲ್ಗ್ರಿಮ್ಸನ್ ಮೀನುಗಾರಿಕೆಯಿಂದ ಬದುಕುವ ಒಂದು ಸಣ್ಣ ದ್ವೀಪದವರು; ವೃತ್ತಿಯಿಂದ ದಂತವೈದ್ಯರು. 1965ರಿಂದಲೂ ದಂತವೈದ್ಯಕೀಯ ಕಾಲೇಜನ್ನು ಕಂಡಿರುವ ಮಣಿಪಾಲದವರಿಗೆ ಈ ಸಂಗತಿ ಸ್ವಾರಸ್ಯವೆನಿಸೀತು. ಹೆಣ್ಣುಮಕ್ಕಳ ತಂಡವಂತೂ ಗಂಡಸರಿಗಿಂತ ಮೊದಲೇ, 2009ರಲ್ಲಿಯೇ, ಯುರೋಪಿನ ಪ್ರಧಾನ ಪಂದ್ಯಾವಳಿಯನ್ನು ತಲುಪಿತ್ತು. ಗಂಡಸರ ತಂಡಕ್ಕೆ 2022ರ ವಿಶ್ವಕಪ್ಪಿಗೆ ಅರ್ಹತೆ ದೊರೆಯಲಿಲ್ಲ. ಆದರೂ ಅಂಗಣಗಳು ಮುಚ್ಚಲಿಲ್ಲ.

ಬೆರಳೆಣಿಕೆಯ ಜನರಿಂದ ದೊಡ್ಡ ಆಟ ಹುಟ್ಟಿದ್ದನ್ನು ಕಾಣಲು ಕಡಲು ದಾಟಬೇಕಾಗಿಲ್ಲ. ಕರ್ನಾಟಕದ ರಾಜಧಾನಿಯ ಕೆಲವು ಬೀದಿಗಳಲ್ಲಿ ಅದು ಐಸ್‌ಲ್ಯಾಂಡಿಗಿಂತ ಬಹಳ ಮುಂಚೆಯೇ ನಡೆದಿತ್ತು.

19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡುಪ್ರದೇಶವನ್ನು ಸ್ಥಾಪಿಸಿದರು. ಸೈನಿಕರು ಸಂಜೆಯ ಹೊತ್ತು ಕವಾಯತಿನ ಬಯಲುಗಳಲ್ಲಿ ಚೆಂಡು ಒದೆಯುತ್ತಿದ್ದರು. ಸುತ್ತಲಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನುಗಳು ತಮಿಳು, ಉರ್ದು, ಕನ್ನಡ ಮಾತಾಡುವ ಶ್ರಮಜೀವಿಗಳ ಕೇರಿಗಳು. ಅಲ್ಲಿನ ಮಕ್ಕಳು ನೋಡಿ ಕಲಿತರು. ಪಾದರಕ್ಷೆಗೆ ಹಣವಿಲ್ಲದುದರಿಂದ ಬರಿಗಾಲಿನಲ್ಲಿಯೇ ಆಡಿದರು. ಬರಿಯ ಪಾದಕ್ಕೆ ಚೆಂಡಿನ ಚಲನೆ ಚೆನ್ನಾಗಿ ತಿಳಿಯುತ್ತದೆ. ಅದನ್ನು ಬೆರಳ ತುದಿಯಿಂದ ಹೊರಳಿಸಿ ಎದುರಾಳಿಯನ್ನು ತಪ್ಪಿಸುವ ಚಮತ್ಕಾರ ಅವರಿಗೆ ಸಿದ್ಧಿಸಿತು. ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯೊಂದು ನಿಂತಿದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಸಾಲಿನಲ್ಲಿ ಕಾಲ್ಚೆಂಡಿನ ಆಟಗಾರನೂ ನಿಂತಿರುವುದು ಆ ಕೇರಿಗೆ ಸಹಜವೆನಿಸಿದೆ.

ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾಯಿತು. ನಾಲ್ಕು ದಶಕಗಳಿಗೂ ಮಿಕ್ಕಿ ಅದು ಬ್ರಿಟಿಷ್ ಸೇನಾತಂಡಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ, ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ತಂಡ ಗೆದ್ದಿತು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946-47ರಲ್ಲಿ ಮೊದಲ ಬಾರಿಗೆ ಪಡೆಯಿತು.

ಸ್ವತಂತ್ರ ಭಾರತದ ತಂಡ 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋಯಿತು. ಜುಲೈ 31ರಂದು ಫ್ರಾನ್ಸಿನ ಎದುರು ಇಳಿದವರಲ್ಲಿ ಹೆಚ್ಚಿನವರು ಬರಿಗಾಲಿನವರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಉತ್ತರಾರ್ಧದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿಸಿದರು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತದ ಮೊತ್ತಮೊದಲ ಗೋಲು ಅದೇ. ಭಾರತಕ್ಕೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಬರಿಗಾಲಿನವರ ಕೌಶಲವನ್ನು ಪ್ರೇಕ್ಷಕರು ಮನಸಾರೆ ಮೆಚ್ಚಿದರು.

ಮೆಚ್ಚುಗೆಯು ಕೆಲವೊಮ್ಮೆ ಕಣ್ಣಿಗೆ ಪೊರೆಯಾಗುವುದುಂಟು. 1952ರಲ್ಲಿ ಹೆಲ್ಸಿಂಕಿಯ ಚಳಿಯ ನೆಲದಲ್ಲಿ ಯುಗೊಸ್ಲಾವಿಯದ ಎದುರು ಭಾರತ 10-1ರಿಂದ ಸೋತಿತು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಒಬ್ಬರಾದ ಇವರು 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಇದ್ದರು. ಅಂತಹವರ ಪ್ರತಿಭೆಯೂ ಒದ್ದೆ ನೆಲದಲ್ಲಿ ಜಾರುವ ಪಾದವನ್ನು ತಡೆಯಲಾರದಾಯಿತು. ಆ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು. ಬರಿಗಾಲಿನ ಆಟವನ್ನು ಹಾಡಿ ಹೊಗಳುವವರು ಹೆಲ್ಸಿಂಕಿಯನ್ನು ಮರೆಯಬಾರದು. ಬಡತನವು ಕಲಿಸುವಷ್ಟನ್ನು ಕಲಿಸಿತ್ತು. ಅದಕ್ಕೆ ಮೇಲಿನದನ್ನು ಬೂಟು, ಅಂಗಣ, ತರಬೇತುದಾರರೇ ಕೊಡಬೇಕಾಗಿತ್ತು.

ಆದರೂ ಆ ಬೀದಿಗಳ ಊಟೆ ಬತ್ತಲಿಲ್ಲ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತದಲ್ಲಿ ಏಷ್ಯದ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ಉದ್ಯೋಗ ಕೊಟ್ಟವು. ಕಾಲ್ಚೆಂಡು ಒದೆದರೆ ಮನೆಯ ಒಲೆ ಉರಿಯುವುದೆಂಬ ಭರವಸೆ ತಾಯಂದಿರಿಗೆ ಬಂದಿತು. ಮಕ್ಕಳನ್ನು ಮೈದಾನಕ್ಕೆ ಕಳುಹಿಸಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. 1968-69ರಲ್ಲಿ ಮೈಸೂರು ತಂಡವು ನಾಲ್ಕನೆಯ ಬಾರಿಗೆ ಸಂತೋಷ್ ಟ್ರೋಫಿಯನ್ನು ಗೆದ್ದಿತು.

ಐದನೆಯ ಗೆಲುವಿಗೆ ರಾಜ್ಯವು 54 ವರ್ಷ ಕಾಯಬೇಕಾಯಿತು. ಈ ನಡುವೆ ಬಯಲುಗಳು ಕಟ್ಟಡಗಳಾದವು, ಕಾರ್ಖಾನೆಯ ತಂಡಗಳು ಸೊರಗಿದವು, ಕ್ರಿಕೆಟ್ಟು ಎಲ್ಲರ ಕಣ್ಣನ್ನು ಸೆಳೆಯಿತು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್.ಸಿ. ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ಕ್ಲಬ್ಬೆನಿಸಿತು. ಕೊನೆಗೆ 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು.

ಇನ್ನು ಉಡುಪಿಯ ಕರಾವಳಿಯ ಮಾತು. ಇಲ್ಲಿ ಹಿಮವಿಲ್ಲ, ಆದರೆ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಶಾಲೆ ತೆರೆಯುವುದೂ ಮೈದಾನ ಕೆರೆಯಾಗುವುದೂ ಒಂದೇ ಕಾಲಕ್ಕೆ. ಕೆಸರಿನಲ್ಲಿ ಬಿದ್ದೆದ್ದು ಆಡುವುದು ಮಕ್ಕಳಿಗೆ ಹಬ್ಬವೇ ಸರಿ, ಆದರೆ ನಿಂತ ನೀರಿನಲ್ಲಿ ಚೆಂಡು ಉರುಳದು. ಉರುಳದ ಚೆಂಡಿನಿಂದ ಆಟ ಕಲಿಯಲಾಗದು. ಪಶ್ಚಿಮ ಘಟ್ಟದ ತಪ್ಪಲಿಗೆ ಹತ್ತಿರವಾದ ಕಾರ್ಕಳದ ಕಡೆಗಂತೂ ಮಳೆಯ ಬಿರುಸು ಇನ್ನೂ ಹೆಚ್ಚು. ಮಳೆ ಹಿಂದೆಗೆದು ಕೊಯ್ಲು ಮುಗಿದ ಮೇಲೆ ಗದ್ದೆಗಳು ಆಟದ ಬಯಲಾಗುತ್ತವೆ. ವಾಲಿಬಾಲ್, ಕಬಡ್ಡಿಗಳಿಗೆ ಒಂದು ಗದ್ದೆ ಸಾಕು. ಕಾಲ್ಚೆಂಡಿಗೆ ನೂರು ಮೀಟರಿನಷ್ಟು ಉದ್ದದ ಸಮತಟ್ಟಾದ ನೆಲ ಬೇಕು. ಬದುಗಳಿಂದ ತುಂಡುತುಂಡಾದ ಕರಾವಳಿಯ ಗದ್ದೆಗಳಲ್ಲಿ ಅದು ದುರ್ಲಭ. ಈ ಭಾಗದ ಹಳ್ಳಿಗಳಲ್ಲಿ ಕಾಲ್ಚೆಂಡು ಹಿಂದುಳಿದುದಕ್ಕೆ ಆಸಕ್ತಿಯ ಕೊರತೆಗಿಂತ ನೆಲದ ಈ ಗುಣವೇ ಹೆಚ್ಚು ಕಾರಣವಿರಬೇಕು.

ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಕ್ರೀಡಾಂಗಣವಿದೆ. ಮಣಿಪಾಲದಲ್ಲಿ ವಿಶ್ವವಿದ್ಯಾಲಯದ ವಿಶಾಲವಾದ ಒಳಾಂಗಣ ಕ್ರೀಡಾಸಂಕೀರ್ಣವಿದೆ. ಕಾಪುವಿನಿಂದ ಅಜ್ಜರಕಾಡಿಗೆ ಸುಮಾರು 13 ಕಿಲೋಮೀಟರ್. ಕಾರ್ಕಳದಿಂದ 35ಕ್ಕೂ ಹೆಚ್ಚು. ಶಾಲೆ ಬಿಡುವುದು ಸಂಜೆ ನಾಲ್ಕು ಗಂಟೆಯ ಮೇಲೆ. ಮಳೆಗಾಲದಲ್ಲಿ ಕತ್ತಲು ಬೇಗನೆ ಕವಿಯುತ್ತದೆ. ಕಾರ್ಕಳದ ಹಳ್ಳಿಯೊಂದರ ಹುಡುಗಿ ಒಂದು ಗಂಟೆಯ ಅಭ್ಯಾಸ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕಾದರೆ, ಅಂಗಣವು ಅವಳ ಶಾಲೆಯ ಮಗ್ಗುಲಲ್ಲಿಯೇ ಇರಬೇಕಾಗುತ್ತದೆ.