ಉಪ್ಪು, ಹುಳಿ, ಬೆಳಕು: ನ್ಯಾನೊ ಕಣಗಳ ಮಿತಿ

1ರಿಂದ 100 ನ್ಯಾನೊಮೀಟರ್ ಗಾತ್ರದ ಬೆಳ್ಳಿಯ ಕಣಗಳು ಸಾಲ್ಮೊನೆಲ್ಲಾ, ಇ. ಕೋಲಿಯಂಥ ಬ್ಯಾಕ್ಟೀರಿಯಾಗಳನ್ನು ಮುಖ್ಯವಾಗಿ ತಾವು ಬಿಡುವ ಬೆಳ್ಳಿ ಅಯಾನುಗಳಿಂದಲೇ ಕೊಲ್ಲುತ್ತವೆ. ಆದರೆ ಪ್ರಯೋಗಾಲಯದ ಫಲಿತಾಂಶವನ್ನು ಬಂಟ್ವಾಳದ ಒಣಮೀನಿಗೋ ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳ ಉಪ್ಪುಸೊಳೆಗೋ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಹಾಗೆಯೇ ಅನ್ವಯಿಸಲಾಗದು. ಉಪ್ಪಿನ ಕ್ಲೋರೈಡ್ ಈ ಅಯಾನುಗಳನ್ನು ಹಿಡಿದು, ನೀರಿನಲ್ಲಿ ಅಷ್ಟಾಗಿ ಕರಗದ ಸಿಲ್ವರ್ ಕ್ಲೋರೈಡ್ ಆಗಿಸುತ್ತದೆ. ಉಪ್ಪುನೀರಿನಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವುದೂ ಉಂಟು. ಮೀನಿನ ಪ್ರೋಟೀನ್ ಅವುಗಳ ಮೈ ಮುಚ್ಚುತ್ತದೆ.

ಪ್ರಮಾಣ ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ಆಗ ಊಟದ ಜೊತೆ ಹೊಟ್ಟೆ ಸೇರುವ ಲೋಹವೂ ಹೆಚ್ಚೀತು. ಬದಲಿಗೆ ಸತುವಿನ ಆಕ್ಸೈಡ್? ಹುಳಿಯಲ್ಲಿ ಅದು ಬೇಗ ಕರಗಿ ಸತುವಿನ ಅಯಾನು ಬಿಡುತ್ತದೆ, ನೇರಳಾತೀತ ಬೆಳಕಿನಲ್ಲಿ ಇನ್ನಷ್ಟು ಚುರುಕಾಗುತ್ತದೆ. ಮುಚ್ಚಿಟ್ಟ ಭರಣಿಯೊಳಗೆ ಬೆಳಕೆಲ್ಲಿ? ಈ ಕಣಗಳೇಕೆ, ಫ್ರಿಜ್ ಇದೆಯಲ್ಲ ಎಂಬ ವಾದವೂ ಪೂರ್ತಿ ನಿಲ್ಲದು: 4 ಡಿಗ್ರಿ ಸೆಲ್ಸಿಯಸ್‌ನಲ್ಲೂ ಲಿಸ್ಟೀರಿಯಾ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ.